ನನ್ನ ರಿಸರ್ಚು ಶುರುವಾದದ್ದು ಎರಡನೇ ಬ್ಲಾಕಿನಲ್ಲಿ

"ಏನು ಓದ್ತಿದೀಯ?" ಅಂತ ಕೇಳಿದವರಿಗೆ "ಆಟೋನಮಸ್ ಸಿಸ್ಟಮ್ಸ್‌ನಲ್ಲಿ ಪಿಎಚ್‌ಡಿ" ಅಂದರೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. "ಓಹ್, ಡ್ರೈವರ್ ಇಲ್ಲದ ಕಾರಾ?" ಮೂಡಿಗೆರೆ ಬಸ್ಸಿನಲ್ಲಿ ಪಕ್ಕ ಕೂತವರಿಂದ ಹಿಡಿದು ಹಾಸನದ ನನ್ನ ಜೂನಿಯರ್‌ಗಳವರೆಗೆ ಎಲ್ಲರದ್ದೂ ಇದೇ. ಜೂನಿಯರ್‌ಗಳು ಇನ್ನೊಂದು ಸೇರಿಸುತ್ತಾರೆ: "ಅಕ್ಕ, ನೀವು ಈ ಲೈನಿಗೆ ಹೇಗೆ ಬಂದ್ರಿ?" ವಾಟ್ಸ್ಯಾಪಿನಲ್ಲಿ ಟೈಪ್ ಮಾಡಿ ಮುಗಿಯುವ ಉತ್ತರವಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಾರು ನನ್ನ ವಿಷಯ ಅಲ್ಲ. ನನ್ನದು ಕಾಫಿ ತೋಟದ ಸಾಲುಗಳ ನಡುವೆ ಓಡಾಡುವ ಪುಟ್ಟ ನಾಲ್ಕು ಚಕ್ರದ ಗಾಡಿ. ಅದು ಕಾಫಿ ಕೊಯ್ಯುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ತಾನು ಯಾವ ಗಿಡದ ಬುಡದಲ್ಲಿ ನಿಂತಿದ್ದೇನೆ ಅಂತ ಹೇಳುತ್ತದೆ, ಅಷ್ಟೇ. "ಅಷ್ಟಕ್ಕೆಲ್ಲ ಡಾಕ್ಟರೇಟ್ ಕೊಡ್ತಾರಾ?" ಅಂತ ಚಿಕ್ಕಮ್ಮ ಕೇಳಿದ್ದಾರೆ. ಕೊಡ್ತಾರೆ ಅಂತ ನಂಬಿಕೊಂಡೇ ದಿನ ದೂಡುತ್ತಿದ್ದೇನೆ.

ನಮ್ಮಪ್ಪ ಮೂಡಿಗೆರೆ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ವಾರದ ಬಟವಾಡೆ, ಯಾವ ಬ್ಲಾಕಿನಲ್ಲಿ ಯಾವ ಕೆಲಸ, ಎಲ್ಲ ಅವರ ಪುಸ್ತಕದಲ್ಲಿ. ಅರೇಬಿಕಾ ಕಾಫಿ ಇರುವ ತೋಟಗಳಿಗೆ ದೊಡ್ಡ ತಲೆನೋವು ಬಿಳಿ ಕಾಂಡಕೊರಕ. ತೋಟದವರ ಬಾಯಲ್ಲಿ ಬರೀ ಬೋರರ್. ಹುಳ ಕಾಂಡದ ಒಳಗೆ ಕೊರೆಯುತ್ತಾ ಹೋಗುತ್ತದೆ. ಹೊರಗಿನಿಂದ ನೋಡಿದರೆ ತೊಗಟೆಯ ಮೇಲೆ ಉಬ್ಬಿದ ಗೆರೆಗಳು, ಹಳದಿ ತಿರುಗಿದ ಎಲೆ. ಅಂಥ ಗಿಡವನ್ನು ಹುಡುಕಿ, ಕಿತ್ತು, ಸುಡಬೇಕು. ಬಿಟ್ಟರೆ ಒಳಗಿನ ಹುಳ ದುಂಬಿಯಾಗಿ ಹೊರಬಂದು ಪಕ್ಕದ ಗಿಡಗಳ ಕಾಂಡದಲ್ಲಿ ಮೊಟ್ಟೆ ಇಡುತ್ತದೆ. ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಇನ್ನೊಮ್ಮೆ ಅವು ಹಾರುವ ಕಾಲ. ಅಷ್ಟರೊಳಗೆ ಕೆಲಸ ಮುಗಿಯಬೇಕು.

ಹುಡುಕುವವರು ಒಬ್ಬರು, ಮಾರನೇ ದಿನ ಕೀಳಲು ಹೋಗುವವರು ಇನ್ನೊಬ್ಬರು. ಅಪ್ಪನ ಪುಸ್ತಕದಲ್ಲಿ ಹೀಗೆ ಬರೆದಿರುತ್ತಿತ್ತು: "2ನೇ ಬ್ಲಾಕ್, ಹಲಸಿನ ಮರದಿಂದ ಕೆಳಗೆ 4ನೇ ಸಾಲು, 7ನೇ ಗಿಡ." ಆ ಇಳಿಜಾರಿನಲ್ಲಿ ಹಲಸಿನ ಮರ ಒಂದೇ ಇದ್ದರೆ ಸರಿ. ಸಾಲು ಎಲ್ಲಿಂದ ಎಣಿಸಬೇಕು ಅನ್ನುವುದೇ ಒಂದು ಜಗಳ. ಆರಡಿಗೊಂದು ಗಿಡದಂತೆ ನೆಟ್ಟರೆ ಎಕರೆಗೆ ಲೆಕ್ಕದ ಪ್ರಕಾರ 1,210 ಗಿಡ ಬರುತ್ತದೆ. ನೆರಳಿನ ಮರ, ಬಂಡೆ, ಚರಂಡಿ ಕಳೆದರೂ ಸಾವಿರದ ಆಸುಪಾಸು. ಅದರಲ್ಲಿ ಒಂದನ್ನು ಹುಡುಕಬೇಕು, ಅದೂ ಎಲ್ಲವೂ ಒಂದೇ ಥರ ಕಾಣುವಾಗ.

ಆಗ ನಾನು ಹಾಸನದಲ್ಲಿ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಇಂಜಿನಿಯರಿಂಗ್) ಕೊನೆಯ ವರ್ಷದಲ್ಲಿದ್ದೆ. ಪ್ರಾಜೆಕ್ಟಿಗೆ ವಿಷಯ ಬೇಕಿತ್ತು. ಸುಲಭ ಅನ್ನಿಸಿತು: ರೋಗದ ಗಿಡದ ಹತ್ತಿರ ನಿಂತು ಫೋನಿನಲ್ಲಿ ಜಾಗ ಸೇವ್ ಮಾಡು, ಮಾರನೇ ದಿನ ಅದೇ ಜಾಗಕ್ಕೆ ಹೋಗು. ದಸರಾ ರಜೆಯಲ್ಲಿ ಅಪ್ಪನ ಜೊತೆ ಎರಡನೇ ಬ್ಲಾಕಿಗೆ ಇಳಿದೆ. ಮಳೆ ಪೂರ್ತಿ ಬಿಟ್ಟಿರಲಿಲ್ಲ. ಗಿಡದ ಬುಡದಲ್ಲಿ ನಿಂತು ಫೋನ್ ನೋಡಿದರೆ ನೀಲಿ ಚುಕ್ಕೆ ಹಳ್ಳದ ಆಚೆ ಇತ್ತು. ನೋಡ್ತಾ ಇದ್ದ ಹಾಗೆ ಈಚೆ ಬಂತು, ಮತ್ತೆ ಮೇಲಿನ ಸಾಲಿಗೆ ಹತ್ತಿತು. ನಾನು ಅಲುಗಾಡಿಯೇ ಇಲ್ಲ. ಅಪ್ಪ ಬಗ್ಗಿ ನೋಡಿ, "ನಿನ್ನ ಮಿಷನ್ನಿಗೆ ಇಂಬಳ ಹತ್ತಿದೆಯೇನೋ ಮಗಾ, ಒಂದು ಕಡೆ ನಿಲ್ತಾ ಇಲ್ಲ" ಅಂದರು.

ಯಾಕೆ ಹೀಗೆ ಅಂತ ಹುಡುಕಲು ಹೊರಟದ್ದೇ ನನ್ನ ಓದಿನ ದಿಕ್ಕು ಬದಲಾಯಿಸಿತು.

ಜಿಪಿಎಸ್ ಉಪಗ್ರಹಗಳಿರುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ಹೊರಟ ಸಂಕೇತ ನಮ್ಮ ಫೋನಿಗೆ ತಲುಪುವ ಹೊತ್ತಿಗೆ ತೀರಾ ಕ್ಷೀಣ. ಅದು ಎಷ್ಟು ಹೊತ್ತು ಪ್ರಯಾಣ ಮಾಡಿತು ಅನ್ನುವುದರಿಂದ ಫೋನು ದೂರ ಲೆಕ್ಕ ಹಾಕುತ್ತದೆ. ಬಯಲಿನಲ್ಲಿ ತೊಂದರೆ ಇಲ್ಲ. ತೋಟದಲ್ಲಿ ಮೇಲೆ ಸಿಲ್ವರ್ ಓಕ್, ಅದರ ಮೈತುಂಬ ಮೆಣಸಿನ ಬಳ್ಳಿ, ನಡುವೆ ಹಾಲುವಾಣ, ಅತ್ತಿ, ಎಲ್ಲದರ ಎಲೆ ಒದ್ದೆ. ಸಂಕೇತ ಅರ್ಧ ಅಲ್ಲೇ ಇಂಗುತ್ತದೆ. ಉಳಿದದ್ದು ಕಾಂಡಕ್ಕೋ ಕೊಂಬೆಗೋ ಬಡಿದು ಸುತ್ತಿ ಬರುತ್ತದೆ. ಸಂಕೇತ ಬರುವುದು ಬೆಳಕಿನ ವೇಗದಲ್ಲಿ. ಬೆಳಕು ಒಂದು ನ್ಯಾನೋಸೆಕೆಂಡಿಗೆ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗಕ್ಕೆ, ಸುಮಾರು 30 ಸೆಂ.ಮೀ. ಹೋಗುತ್ತದೆ. 10 ನ್ಯಾನೋಸೆಕೆಂಡ್ ತಡವಾದರೆ 3 ಮೀಟರ್ ದೂರ ಜಾಸ್ತಿಯಾಯಿತು ಅಂತ ಅರ್ಥ. ಆರಡಿ ಸಾಲಿನಲ್ಲಿ 3 ಮೀಟರ್ ಅಂದರೆ ಒಂದೂವರೆ ಸಾಲಿಗಿಂತ ಜಾಸ್ತಿ. ರೋಗವಿಲ್ಲದ ಗಿಡ ಕಿತ್ತು ಹಾಕಲು ಅಷ್ಟು ಸಾಕು.

ಮರ ಕಡಿಯಿರಿ ಅನ್ನುವಂತೆಯೂ ಇಲ್ಲ. ನೆರಳು ತೆಳುವಾದ ಕಡೆಯೇ ಬೋರರ್ ಕಾಟ ಜಾಸ್ತಿ. ಗಿಡ ಕಾಯುವ ನೆರಳೇ ಸಂಕೇತಕ್ಕೆ ಅಡ್ಡ.

ಇದರಲ್ಲಿ ನನಗೆ ನಗು ಬರಿಸುವ ಸಂಗತಿ ಒಂದಿದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್ ಇದೆಯಲ್ಲ, 1982ರಿಂದ ಕೆಲಸ ಮಾಡುತ್ತಿರುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಸುಮಾರು 36,000 ಕಿ.ಮೀ. ಮೇಲಿರುವ ಉಪಗ್ರಹಗಳು ತಮ್ಮ ಜಾಗ ಬಿಟ್ಟು ಸರಿಯದಂತೆ ನೋಡಿಕೊಳ್ಳುವುದು ಅಲ್ಲಿಂದ. ಜಿಪಿಎಸ್ ಥರದ ನಮ್ಮದೇ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈನಲ್ಲಿ ಹಾರಿದಾಗ ಅದನ್ನು ಸರಿಯಾದ ಕಕ್ಷೆಗೆ ಏರಿಸಿದ್ದೂ ಅಲ್ಲಿಂದಲೇ. ಅಲ್ಲಿಂದ ಬೇಲೂರು ದಾಟಿ ಬಸ್ಸಿನಲ್ಲಿ ನಮ್ಮೂರಿಗೆ ಬಂದರೆ, ನಾನು ನಾಲ್ಕನೇ ಸಾಲಿನಲ್ಲಿದ್ದೇನೋ ಐದನೇ ಸಾಲಿನಲ್ಲಿದ್ದೇನೋ ಅಂತ ಹೇಳುವವರಿಲ್ಲ.

ಪ್ರಾಜೆಕ್ಟು ಹೇಗೋ ಮುಗಿಯಿತು. ಮಾರ್ಕ್ಸೂ ಬಂತು. ಕ್ಯಾಂಪಸ್ಸಿನಲ್ಲಿ ಸಿಕ್ಕ ಕೆಲಸಕ್ಕೆ ಬೆಂಗಳೂರಿಗೆ ಹೋದೆ. ಸಾಫ್ಟ್‌ವೇರ್ ಟೆಸ್ಟಿಂಗ್. ಅದರ ಬಗ್ಗೆ ಬರೆಯಲು ಹೆಚ್ಚೇನಿಲ್ಲ, ಸಂಬಳ ಬರ್ತಿತ್ತು. ಆದರೆ ಸಂಜೆ ಪಿಜಿಗೆ ಬಂದ ಮೇಲೆ ಓದುತ್ತಿದ್ದದ್ದು ಬೇರೆ. ಆ ಓದಿನಲ್ಲಿ ಸಿಕ್ಕಿದ್ದು ಕಾಲ್ಮನ್ ಫಿಲ್ಟರ್, ಪೂರ್ತಿ ನಂಬಲಾಗದ ಅಳತೆಗಳನ್ನು ಸೇರಿಸಿ ಒಂದು ಉತ್ತರ ತೆಗೆಯುವ ಲೆಕ್ಕ. ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ್ದು. ಚಂದ್ರನಿಗೆ ಹೋದ ಅಪೊಲೊ ನೌಕೆಗಳು ದಾರಿ ಲೆಕ್ಕ ಹಾಕಲು ಬಳಸಿದ್ದು ಇದನ್ನೇ. ಹೆಸರು ಕೇಳಿ ಹೆದರುವವರೇ ಜಾಸ್ತಿ. ಒಂದು ಪುಟ್ಟ ಲೆಕ್ಕ ಮಾಡಿ ತೋರಿಸುತ್ತೇನೆ, ಬೇಕಾದರೆ ಪೆನ್ನು ತಗೊಳ್ಳಿ.

ಗಾಡಿ ಸಾಲಿನ ತುದಿಯಿಂದ ಹೊರಟಿದೆ. ಚಕ್ರ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿದರೆ 10 ಮೀಟರ್ ಬಂದಿದ್ದೇವೆ. ಜಿಪಿಎಸ್ ಮಾತ್ರ 14 ಅನ್ನುತ್ತಿದೆ. ಯಾರನ್ನು ನಂಬುವುದು? ಇಬ್ಬರನ್ನೂ, ಆದರೆ ಅಳೆದು. ಚಕ್ರದ ಮೇಲಿನ ಅನುಮಾನಕ್ಕೆ 4 ಕೊಡಿ, ಜಿಪಿಎಸ್ ಮೇಲಿನ ಅನುಮಾನಕ್ಕೆ 12. ಇಂಜಿನಿಯರಿಂಗ್ ಗಣಿತದಲ್ಲಿ ವೇರಿಯನ್ಸ್ ಅಂತ ಓದಿದ್ದೆವಲ್ಲ, ಅದೇ ಇದು. ಎರಡೂ ಸೇರಿ 16. 4ನ್ನು 16ರಿಂದ ಭಾಗಿಸಿದರೆ ಕಾಲು. ಎರಡು ಮಾತಿನ ನಡುವಿನ ಅಂತರ 4 ಮೀಟರ್, ಅದರ ಕಾಲು ಭಾಗ 1 ಮೀಟರ್. ಅಷ್ಟು ಮಾತ್ರ ಜಿಪಿಎಸ್ ಕಡೆ ಸರಿಯಿರಿ. ಉತ್ತರ 11 ಮೀಟರ್. ಹೊಸ ಅನುಮಾನ ಎಷ್ಟು? 4ರಲ್ಲಿ ಕಾಲು ಭಾಗ ಕಳೆದರೆ 3.

ಆ 3ನ್ನು ನೋಡಿ. 4ಕ್ಕಿಂತ ಕಡಿಮೆ, 12ಕ್ಕಿಂತಂತೂ ಬಹಳ ಕಡಿಮೆ. ಅಷ್ಟೊಂದು ಅನುಮಾನದ ಜಿಪಿಎಸ್ ಕೂಡ ಲೆಕ್ಕವನ್ನು ಕೆಡಿಸಲಿಲ್ಲ, ಸ್ವಲ್ಪ ಗಟ್ಟಿ ಮಾಡಿತು. ಪಿಜಿಯ ಮಂಚದ ಮೇಲೆ ಕೂತು ಇದನ್ನು ಮೊದಲ ಸಲ ಬಿಡಿಸಿದಾಗ ಆದ ಖುಷಿ ಈಗಲೂ ಇದೆ. ಯಂತ್ರವೊಂದು ತನಗೆ ಗೊತ್ತಿರುವುದರ ಜೊತೆಗೆ, ತನಗೆ ಎಷ್ಟು ಗೊತ್ತಿಲ್ಲ ಅನ್ನುವುದನ್ನೂ ಲೆಕ್ಕ ಇಟ್ಟುಕೊಂಡು ಓಡಾಡಬಹುದು! ಇದನ್ನೇ ಓದಬೇಕು ಅಂತ ಆವತ್ತೇ ತೀರ್ಮಾನ ಮಾಡಿದೆ.

ಎಂ.ಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆ ಬರೆದೆ. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಇದರ ಬಗ್ಗೆ ಬರೆದಿರುವವರು ಬೇಕಾದಷ್ಟಿದ್ದಾರೆ. ಮನೆಯಲ್ಲಿ ದುಡ್ಡಿಲ್ಲ ಅಂತ ಹಿಂಜರಿಯುವವರಿಗೆ ಮಾತ್ರ ಒಂದು ಮಾತು. ಗೇಟ್ ಮೂಲಕ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸಿಗುತ್ತದೆ. ಪಿಎಚ್‌ಡಿಯಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ದರದ ಫೆಲೋಶಿಪ್ 2023ರಿಂದ 37,000, ಎರಡು ವರ್ಷದ ಮೇಲೆ 42,000. ಬೆಂಗಳೂರಿನಲ್ಲಿ ರಾಜನ ಹಾಗೆ ಬದುಕಲು ಆಗಲ್ಲ, ಆದರೆ ಅಪ್ಪನ ಹತ್ತಿರ ಕೈ ಚಾಚಬೇಕಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಹುಡುಗಿಯರು, ಅದರಲ್ಲೂ ನಮ್ಮ ಕಡೆಯವರು, ಬಿಇಗೇ ನಿಲ್ಲಿಸುತ್ತಾರೆ. ನನಗೆ ತುಂಬಾ ಬೇಜಾರಾಗುವ ವಿಷಯ ಇದು.

ಎಂ.ಟೆಕ್ ಆದ ಮೇಲೆ ಪಿಎಚ್‌ಡಿ ಇಂಟರ್‌ವ್ಯೂ. ರೋಬೋ ಬಗ್ಗೆ ಕೇಳುತ್ತಾರೆ ಅಂತ ಹೋದರೆ ಬೋರ್ಡಿನ ಮುಂದೆ ನಿಲ್ಲಿಸಿ ಲೀನಿಯರ್ ಆಲ್ಜೀಬ್ರಾ ಕೇಳಿದರು. "ಕೋವೇರಿಯನ್ಸ್ ಮ್ಯಾಟ್ರಿಕ್ಸ್‌ನ ಐಗನ್ ವ್ಯಾಲ್ಯೂ ನೆಗೆಟಿವ್ ಆಗಬಹುದಾ?" ಹಲವು ಅಳತೆಗಳ ಅನುಮಾನವನ್ನು ಒಟ್ಟಿಗೆ ಬರೆದಿಡುವ ಕೋಷ್ಟಕ ಅದು, ಐಗನ್ ವ್ಯಾಲ್ಯೂ ಅಂದರೆ ಅದರ ಮುಖ್ಯ ದಿಕ್ಕುಗಳಲ್ಲಿನ ಅನುಮಾನ. ಆಗಲ್ಲ ಅಂದೆ. ಯಾಕೆ? ಆ ಮ್ಯಾಟ್ರಿಕ್ಸನ್ನು ಯಾವ ದಿಕ್ಕಿನಲ್ಲಿ ಅಳೆದರೂ ಸಿಗುವುದು ಆ ದಿಕ್ಕಿನ ವೇರಿಯನ್ಸ್, ಅದು ಸೊನ್ನೆಗಿಂತ ಕೆಳಗೆ ಹೋಗಲಾರದು. ಸರಿ ಅಂದರು. ಆಮೇಲೆ ಮೇಲೆ ಬರೆದ 10-14 ಲೆಕ್ಕವನ್ನೇ ಹಾಕಿ ತೋರಿಸಿದೆ. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಮೇಡಂ ಒಬ್ಬರು ಆಗ ಬಾಯಿ ತೆಗೆದರು. "ಲೆಕ್ಕ ಚೆನ್ನಾಗಿದೆ. ಆದರೆ ಜಿಪಿಎಸ್ ತಪ್ಪು ಒಂದೊಂದು ಸಲ ಒಂದೊಂದು ಥರ ಇರುತ್ತೆ ಅಂತ ನಿಮಗೆ ಯಾರು ಹೇಳಿದ್ದು? ಅದೇ ಮರದ ಕೆಳಗೆ ನಿಂತರೆ ತಪ್ಪೂ ಅದೇ ಅಲ್ವಾ?"

ಈಗ ಅವರೇ ನನ್ನ ಗೈಡ್. ನನ್ನ ಥೀಸಿಸ್ ಪೂರ್ತಿ ಆ ಒಂದು ಪ್ರಶ್ನೆಯ ಬೆನ್ನು ಹತ್ತಿರುವುದು.

ಪ್ರಶ್ನೆಯ ತೂಕ ಏನು ಅಂದರೆ, ಗಾಡಿ ಸಿಲ್ವರ್ ಓಕ್ ಪಕ್ಕ ನಿಂತಿದೆ ಅಂದುಕೊಳ್ಳಿ. ಸೆಕೆಂಡಿಗೊಂದರಂತೆ ಜಿಪಿಎಸ್ ಓದು ಬರುತ್ತಿದೆ. ಪ್ರತಿ ಓದೂ ಬೇರೆ ಬೇರೆ ಅಂತ ಫಿಲ್ಟರ್ ನಂಬಿದರೆ, 100 ಓದಿನ ಹೊತ್ತಿಗೆ 12ರ ಅನುಮಾನ 0.12ಕ್ಕೆ ಇಳಿಯುತ್ತದೆ. ಅದರ ವರ್ಗಮೂಲ ತೆಗೆದರೆ ಸುಮಾರು 0.35 ಮೀಟರ್, ಅಂದರೆ ಸುಮಾರು 35 ಸೆಂ.ಮೀ. ಒಳಗೆ ನನ್ನ ಜಾಗ ಗೊತ್ತು ಅಂತ ಗಾಡಿ ಎದೆ ತಟ್ಟಿಕೊಳ್ಳುತ್ತದೆ. ನಿಜದಲ್ಲಿ ಉಪಗ್ರಹ ಆಕಾಶದಲ್ಲಿ ನಿಧಾನಕ್ಕೆ ಸರಿಯುತ್ತದೆ, ಸಂಕೇತ ನಿಮಿಷಗಟ್ಟಲೆ ಅದೇ ಕಾಂಡಕ್ಕೆ ಬಡಿದು ಅದೇ ಥರ ಸುತ್ತಿ ಬರುತ್ತದೆ. ನೂರೂ ಓದಿನಲ್ಲಿ ಅದೇ ನಾಲ್ಕು ಮೀಟರ್ ತಪ್ಪು ಇರಬಹುದು. ಒಬ್ಬನ ಬಾಯಿಂದ ಕೇಳಿದ ಸುದ್ದಿಯನ್ನು ಊರಲ್ಲಿ ನೂರು ಜನ ಹೇಳಿದರೆ ನೂರು ಸಾಕ್ಷಿ ಆಗುವುದಿಲ್ಲವಲ್ಲ, ಹಾಗೆ. ಗಾಡಿ ದಾರಿ ತಪ್ಪುವುದು ದೊಡ್ಡ ವಿಷಯವಲ್ಲ. ತಪ್ಪಿದ್ದೂ ಗೊತ್ತಾಗದೆ ಧೈರ್ಯವಾಗಿ ಮುಂದೆ ಹೋಗುವುದು ದೊಡ್ಡ ವಿಷಯ.

ಹಾಗಾದರೆ ಜಿಪಿಎಸ್ ಬಿಟ್ಟು ಬೇರೆ ಕಣ್ಣು ಬೇಕು. ಕ್ಯಾಮೆರಾ ಇಟ್ಟವರಿದ್ದಾರೆ. ಮಂಗಳ ಗ್ರಹದಲ್ಲಿ ಹಾರಿದ ಇಂಜೆನ್ಯೂಯಿಟಿ ಹೆಲಿಕಾಪ್ಟರ್ ಮಾಡಿದ್ದೂ ಅದನ್ನೇ. ಅಲ್ಲಿ ಜಿಪಿಎಸ್ ಎಲ್ಲಿಂದ ಬರಬೇಕು? ಕೆಳಗಿನ ನೆಲದ ಚಿತ್ರ ತೆಗೆಯುತ್ತಾ, ಕಲ್ಲು ಮಣ್ಣಿನ ಗುರುತು ಎಷ್ಟು ಸರಿಯಿತು ಅಂತ ನೋಡಿ ತನ್ನ ಚಲನೆ ಲೆಕ್ಕ ಹಾಕುತ್ತಿತ್ತು. 2021ರ ಏಪ್ರಿಲ್‌ನಲ್ಲಿ ಮೊದಲ ಹಾರಾಟ. 2024ರ ಜನವರಿಯಲ್ಲಿ 72ನೇ ಹಾರಾಟದಲ್ಲಿ ಅದರ ಕಥೆ ಮುಗಿದದ್ದು ಯಾವ ಗುರುತೂ ಇಲ್ಲದ ನುಣುಪು ಮರಳಿನ ಮೇಲೆ. ನನ್ನ ತೋಟದ ಕಷ್ಟ ತದ್ವಿರುದ್ಧ. ಗುರುತು ಬೇಕಾದಷ್ಟಿದೆ, ಎಲ್ಲವೂ ಒಂದೇ ಥರ. ನಾಲ್ಕನೇ ಸಾಲಿನ ಚಿತ್ರಕ್ಕೂ ಐದನೇ ಸಾಲಿನ ಚಿತ್ರಕ್ಕೂ ನನಗೇ ವ್ಯತ್ಯಾಸ ಕಾಣುವುದಿಲ್ಲ. ಜೊತೆಗೆ ಗಾಳಿಗೆ ಎಲೆ ಅಲ್ಲಾಡುತ್ತದೆ, ಎಲೆ ಸಂದಿಯ ಬಿಸಿಲು ನೆಲದ ಮೇಲೆ ಕುಣಿಯುತ್ತದೆ. ನೆಲವೇ ಓಡುತ್ತಿದೆ ಅಂತ ಕ್ಯಾಮೆರಾ ತಿಳಿಯುತ್ತದೆ.

ಅದಕ್ಕೆ ನಾನು ನೆಚ್ಚಿಕೊಂಡಿರುವುದು ಮರದ ಕಾಂಡಗಳನ್ನು. ಗಾಡಿಯ ಮೇಲೆ ಒಂದು ಲೈಡಾರ್ ಇದೆ. ಲೇಸರ್ ಬಿಟ್ಟು, ಅದು ಬಡಿದು ವಾಪಸ್ ಬರುವ ಸಮಯದಿಂದ ಸುತ್ತಲಿನ ದೂರ ಅಳೆಯುತ್ತದೆ. ಕಾಫಿ ಗಿಡದ ಎಲೆ ನಂಬಿಕೆಗೆ ಅರ್ಹವಲ್ಲ, ಆದರೆ ಸಿಲ್ವರ್ ಓಕ್ ಕಾಂಡ ನಿಂತ ಜಾಗ ಬಿಟ್ಟು ಹೋಗುವುದಿಲ್ಲ. ಮೂರು ಕಾಂಡಗಳ ನಡುವಿನ ಅಂತರ ಸೇರಿಸಿ ನೋಡಿದರೆ ಒಂದು ತ್ರಿಕೋನ. ಎಲ್ಲ ತ್ರಿಕೋನಗಳೂ ಒಂದೇ ಥರ ಇರುವುದಿಲ್ಲ. ಮರ ನೆಟ್ಟ ಅಜ್ಜಂದಿರು ಹಗ್ಗ ಹಿಡಿದು ನೇರಕ್ಕೆ ನೆಡದೇ ಇದ್ದದ್ದು ನನಗೆ ದೊಡ್ಡ ಉಪಕಾರ. ಮೇ-ಜೂನಿನ ಮರಗಸಿ ಮಾತ್ರ ನನ್ನ ಶತ್ರು. ಮಳೆಗಾಲಕ್ಕೆ ಮೊದಲು ಕೊಂಬೆ ಕಡಿದ ಮೇಲೆ ಇಡೀ ತೋಟದ ಮುಖವೇ ಬೇರೆ. ಏಪ್ರಿಲ್‌ನಲ್ಲಿ ಮಾಡಿದ ನಕ್ಷೆ ಜುಲೈನಲ್ಲಿ ಅರ್ಧ ಸುಳ್ಳು. ಕಾಂಡದ ಜಾಗ ಅದೇ, ಆದರೆ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತದೆ. ಲೈಡಾರಿಗೆ ಮರವೇ ದಪ್ಪವಾದ ಹಾಗೆ.

ರೋಬೋ ರಿಸರ್ಚ್ ಅಂದರೆ ಎಸಿ ರೂಮಿನಲ್ಲಿ ಕೂತು ಕೋಡ್ ಬರೆಯುವುದು ಅಂದುಕೊಂಡಿರುವವರಿಗೆ: ಅರ್ಧಕ್ಕೂ ಜಾಸ್ತಿ ಕೆಲಸ ನಿಜವಾದ ಜಾಗ ಯಾವುದು ಅಂತ ಅಳೆಯುವುದು. ಗಾಡಿ ಹೇಳಿದ್ದು ಸರಿಯೋ ತಪ್ಪೋ ಅಂತ ತಿಳಿಯಲು ಸರಿ ಉತ್ತರ ಮೊದಲೇ ಕೈಯಲ್ಲಿರಬೇಕಲ್ಲ. ಇದಕ್ಕೆ ಆರ್‌ಟಿಕೆ ಅಂತ ಒಂದು ಬಗೆಯ ಜಿಪಿಎಸ್ ಇದೆ. ಗೊತ್ತಿರುವ ಜಾಗದಲ್ಲಿ ಒಂದು ರಿಸೀವರ್ ಕೂತು, ಆಗಾಗಿನ ತಪ್ಪನ್ನು ಇನ್ನೊಂದಕ್ಕೆ ತಿಳಿಸುತ್ತಾ ಇರುತ್ತದೆ. ಬಯಲಿನಲ್ಲಿ ಸೆಂಟಿಮೀಟರ್ ಲೆಕ್ಕದಲ್ಲಿ ಜಾಗ ಹೇಳುತ್ತದೆ. ಎಸ್ಟೇಟಿನಲ್ಲಿ ಪೂರ್ತಿ ಆಕಾಶ ಕಾಣುವ ಜಾಗ ಎಂದರೆ ಕಾಫಿ ಒಣಗಿಸುವ ಕಣ. ಅಲ್ಲೇ ಟ್ರೈಪಾಡ್ ನಿಲ್ಲಿಸುತ್ತೇನೆ. ಕಣದಲ್ಲಿ ಲ್ಯಾಪ್‌ಟಾಪ್ ಪರದೆಯ ಮೇಲೆ "ಫಿಕ್ಸ್" ಅಂತ ಇರುತ್ತದೆ, ಅಂದರೆ ಸೆಂಟಿಮೀಟರ್ ಲೆಕ್ಕ ಸಿಕ್ಕಿದೆ. ತೋಟದೊಳಗೆ ಸ್ವಲ್ಪ ದೂರ ಹೋಗುವುದರೊಳಗೆ "ಫ್ಲೋಟ್", ಅಂದರೆ ಅಷ್ಟು ಖಾತ್ರಿಯಿಲ್ಲ, ಇನ್ನೂ ಸ್ವಲ್ಪ ಒಳಗೆ ಹೋದರೆ ಅದೂ ಇಲ್ಲ. ಹಾಗಾಗಿ ಸಿವಿಲ್‌ನವರ ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಸರ್ವೆ ಉಪಕರಣ) ಸಾಲ ತಂದು, ಕಣದಿಂದ ಒಂದೊಂದೇ ಪಾಯಿಂಟ್ ಒಳಗೆ ಹೊತ್ತೊಯ್ದು, ಪ್ರತಿ ಕಾಂಡಕ್ಕೂ ಬಿಳಿ ಪೇಂಟಿನಲ್ಲಿ ನಂಬರ್ ಬರೆದೆವು. ಬ್ರಷ್ ಹಿಡಿದವರು ಅಪ್ಪ. ಇಂಗ್ಲಿಷ್ ಅಂಕಿ ಬರೀರಿ ಅಂದರೆ ಅಭ್ಯಾಸ ಬಲದಿಂದ ಅರ್ಧ ಕನ್ನಡ ಅಂಕಿ ಬರೆದಿಟ್ಟಿದ್ದಾರೆ, ಹಾಗೇ ಇದೆ.

ಮಳೆಗಾಲದಲ್ಲಿ ಕಾಲಿಗೆ ಇಂಬಳ, ಒದ್ದೆ ದರಗಿನ ಮೇಲೆ ಚಕ್ರ ಜಾರುವುದು, ಇವೆಲ್ಲ ಇದ್ದದ್ದೇ. ಆನೆ ಮಾತ್ರ ತಮಾಷೆಯಲ್ಲ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯವರಿಗೆ ನಾನು ಹೇಳಬೇಕಿಲ್ಲ. ಅರಣ್ಯ ಇಲಾಖೆಯವರು ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ, ಎಲ್ಲಿವೆ ಅಂತ ಮೆಸೇಜ್ ಬರುತ್ತದೆ. ಬಂದ ದಿನ ಗಾಡಿ ಶೆಡ್ಡಿನಲ್ಲೇ. ಮೇಡಂ ಬೆಂಗಳೂರಿನಿಂದ ಫೋನ್ ಮಾಡಿ "ಡೇಟಾ ಯಾಕಿಲ್ಲ?" ಅಂದರೆ "ಆನೆ ಮೇಡಂ" ಅನ್ನುತ್ತೇನೆ. ಮೊದಮೊದಲು ನಂಬುತ್ತಿರಲಿಲ್ಲ.

ಕೆಲಸಕ್ಕೆ ಬರುವ ಅಕ್ಕ ಒಬ್ಬರು ಗಾಡಿ ನೋಡಿ ನೇರ ಕೇಳಿದರು, "ನಮ್ಮ ಕೂಲಿ ಕಿತ್ಕಳಕ್ಕೆ ತಂದಿದ್ಯೇನವ್ವ?" ಇಲ್ಲಕ್ಕ ಅಂತ ಬಾಯಿಗೆ ಬಂತು. ಪೂರ್ತಿ ನಿಜ ಅಲ್ಲ ಅನ್ನಿಸಿ ಹೇಳಲಿಲ್ಲ. ಹಣ್ಣು ಒಂದೇ ಸಲ ಆಗುವುದಿಲ್ಲ, ಅರೇಬಿಕಾವನ್ನು ಕೈಯಲ್ಲೇ ಆರಿಸಿ ಕೊಯ್ಯಬೇಕು. ನಮ್ಮಂಥ ನೆರಳಿನ, ಇಳಿಜಾರಿನ ತೋಟದಲ್ಲಿ ಆ ಕೆಲಸಕ್ಕೆ ಸದ್ಯಕ್ಕೆ ಮಿಷನ್ ಬರಲ್ಲ. ಬೋರರ್ ಹುಡುಕುವ ಕಣ್ಣೂ ಅವರದ್ದೇ. ಗಾಡಿ ಮಾಡುವುದು ಅವರು ತೋರಿಸಿದ ಗಿಡವನ್ನು ನೆನಪಿಡುವುದು. ಇಷ್ಟು ಹೇಳಿದೆ. "ಹಂಗಾರೆ ರೈಟರ್ರಿಗೇ ಕಷ್ಟ ಬಿಡು" ಅಂತ ನಕ್ಕರು. ಅಪ್ಪನೂ ನಕ್ಕರು, ಸ್ವಲ್ಪ ಕಡಿಮೆ.

ಜೂನಿಯರ್‌ಗಳಿಗೆ ಒಂದು ಮಾತು, ಕೇಳಿದ್ದೀರಿ ಅಂತ. ವಿಡಿಯೋ ನೋಡಿ, ರೋಬೋ ನಡೆಸಲು ಬಳಸುವ ಸಾಫ್ಟ್‌ವೇರ್ ಆರ್‌ಒಎಸ್ ಇನ್‌ಸ್ಟಾಲ್ ಮಾಡಿ, ಪರದೆಯ ಮೇಲೆ ರೋಬೋ ಓಡಿಸುವುದು ಒಂದು ವಾರದಲ್ಲಿ ಬರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಮಜಾ ಇರುತ್ತದೆ. ಆದರೆ ನಾಲ್ಕನೇ ಸೆಮಿಸ್ಟರಿನಲ್ಲಿ ಪಾಸಾದರೆ ಸಾಕು ಅಂತ ದಾಟಿಸಿದ ಪ್ರೊಬಬಿಲಿಟಿಯನ್ನು ಮತ್ತೆ ತೆಗೆಯಿರಿ. 2004ರಲ್ಲಿ ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆ ದಾರ್ಪಾ ನಡೆಸಿದ ಚಾಲಕರಿಲ್ಲದ ವಾಹನಗಳ ಸ್ಪರ್ಧೆಯಲ್ಲಿ ಒಂದೂ ಗುರಿ ಮುಟ್ಟಲಿಲ್ಲ, ಅತಿ ದೂರ ಹೋದದ್ದು 12 ಕಿ.ಮೀ. ಕೂಡ ದಾಟಲಿಲ್ಲ. ಮರುವರ್ಷ ಐದು ವಾಹನ 212 ಕಿ.ಮೀ. ಮುಗಿಸಿದವು. ಗೆದ್ದ ಸ್ಟ್ಯಾನ್‌ಫರ್ಡಿನ ವಾಹನದ ಬಗ್ಗೆ ಅದನ್ನು ಕಟ್ಟಿದವರೇ ಬರೆದ ಪೇಪರ್ ಸಿಗುತ್ತದೆ, ಓದಿ. ಸೆನ್ಸರ್ ಅಳತೆಯಲ್ಲಿನ ತಪ್ಪನ್ನು ಹೇಗೆ ಲೆಕ್ಕಕ್ಕೆ ತಗೊಂಡರು ಅನ್ನುವುದೇ ಅದರಲ್ಲಿ ಮುಖ್ಯ. ಅದೂ ತಲೆ ಮೇಲೆ ಒಂದು ಮರವೂ ಇಲ್ಲದ ಜಾಗದಲ್ಲಿ!

ಈಗ ನಾನು ಸಿಕ್ಕಿಹಾಕಿಕೊಂಡಿರುವುದು ಇನ್ನೊಂದು ಕಡೆ. ಗಾಡಿಗೆ ತನ್ನ ಅನುಮಾನ ಮೊದಲಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಜಿಪಿಎಸ್ ಒಂದು ಹೇಳಿ, ಕಾಂಡಗಳು ಇನ್ನೊಂದು ಹೇಳಿದಾಗ, ಆ ಅಂತರ ಇರಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ "ಇಲ್ಲೇನೋ ಸರಿಯಿಲ್ಲ" ಅಂತ ಗುರುತಿಸುತ್ತದೆ. ಗುರುತಿಸಿ ಏನು ಮಾಡಬೇಕು? ನಿಲ್ಲಬೇಕು ಅಂತ ನಾನು ಬರೆದಿದ್ದೆ. ಪೇಪರಿನಲ್ಲಿ ನಿಲ್ಲುವುದು ಯಾವಾಗಲೂ ಸುರಕ್ಷಿತ. ಅಪ್ಪ ಒಪ್ಪಲಿಲ್ಲ. "ಕೊಯ್ಲಿನ ಟೈಮಲ್ಲಿ ಸಾಲಿನ ಮಧ್ಯ ನಿಂತರೆ ಮೂಟೆ ಹೊತ್ತವರು ಎಲ್ಲಿಂದ ದಾಟಬೇಕು? ಇಳಿಜಾರಲ್ಲಿ ಅದನ್ನ ಎತ್ತಿ ಪಕ್ಕಕ್ಕಿಡೋರು ಯಾರು?" ಮೇಡಂಗೆ ಇದನ್ನು ಹೇಳಿದೆ, ಅವರಿಗೆ ಇಷ್ಟವಾಯಿತು. ಕೊನೆಯದಾಗಿ ಖಾತ್ರಿಯಿದ್ದ ಕಾಂಡದವರೆಗೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಅಲ್ಲಿ ಕಾಯುವುದು ಅಂತ ಈಗ ಬರೆಯುತ್ತಿದ್ದೇನೆ. ಹಿಂದಕ್ಕೆ ಹೋಗುವಾಗಲೂ ಚಕ್ರ ಜಾರುತ್ತದೆ, ಅನುಮಾನ ಬೆಳೆಯುತ್ತಾ ಹೋಗುತ್ತದೆ. ಎಷ್ಟು ದೂರದವರೆಗೆ ಹಿಂದೆ ಹೋಗುವುದು ಲಾಭ, ಎಲ್ಲಿಂದಾಚೆ ನಿಲ್ಲುವುದೇ ಮೇಲು ಅನ್ನುವ ಲೆಕ್ಕ ಇನ್ನೂ ಕೈಗೆ ಸಿಕ್ಕಿಲ್ಲ. ಡಿಸೆಂಬರ್‌ನಲ್ಲಿ ಕೊಯ್ಲು ನಡೆಯುವಾಗ, ಜನ ಓಡಾಡುವ ಸಾಲಿನಲ್ಲೇ ಇದನ್ನು ನೋಡಬೇಕು. ಅಷ್ಟರೊಳಗೆ ಆ ಕನ್ನಡ ಅಂಕಿಗಳನ್ನು ಪ್ರೋಗ್ರಾಮಿಗೆ ಓದಲು ಕಲಿಸಬೇಕು, ಅಪ್ಪ ಮತ್ತೆ ಪೇಂಟ್ ಮಾಡಲ್ಲ ಅಂದಿದ್ದಾರೆ.